ಗಂಡನ ಕೀಲಿಕೈ ಸದ್ದಾದರೆ ಸಾಕು, ಬೆಕ್ಕು ಮಂಚದಡಿ ಸೇರುತ್ತದೆ. ಏನು ಮಾಡಲಿ?

ಪ್ರಶ್ನೆ: "ಡಾಕ್ಟರೇ, ನಮ್ಮ ಮನೆಯಲ್ಲಿ ನಾವು ಮೂವರು. ನಾನು, ನಮ್ಮವರು, ಮತ್ತೆ ಗುಂಡ ಅನ್ನೋ 4 ವರ್ಷದ ಗಂಡು ಬೆಕ್ಕು. ಮರಿ ಆಗದ ಹಾಗೆ ಆಪರೇಷನ್ ಆಗಿದೆ. ಗುಂಡ ನನಗೆ ಸಿಕ್ಕಾಗ 3 ತಿಂಗಳ ಮರಿ, ಮೆಟ್ಟಿಲ ಕೆಳಗೆ ರಟ್ಟಿನ ಡಬ್ಬಗಳ ಹಿಂದೆ ಅಡಗಿ ಕೂತಿದ್ದ. ಮೊದಲಿಂದಲೂ ಅಂಜುಬುರುಕ. ನನ್ನ ಹತ್ತಿರ ಬರೋಕೇ 2 ತಿಂಗಳು ಹಿಡಿಯಿತು. ಆಮೇಲೆ ಎರಡೂವರೆ ವರ್ಷ ನಾವಿಬ್ಬರೇ. ರಾತ್ರಿ ನನ್ನ ಹೊಟ್ಟೆ ಮೇಲೇ ಅವನ ನಿದ್ದೆ. ಮದುವೆಯಾಗಿ ಈಗ ಒಂದು ವರ್ಷ. ನಮ್ಮವರು ತುಂಬಾ ಒಳ್ಳೆಯವರು, ಪ್ರಾಣಿ ಅಂದ್ರೆ ಜೀವ ಬಿಡ್ತಾರೆ. ಆದರೆ ಇವರ ಕೀಲಿಕೈ ಗೊಂಚಲು ಬಾಗಿಲಾಚೆ ಝಣ್ ಅಂದರೆ ಸಾಕು, ಗುಂಡ ಮಂಚದಡಿ. ಇವರು ಶೂ ಬಿಚ್ಚಿದವರೇ ನೆಲದ ಮೇಲೆ ಬೋರಲು ಬಿದ್ದು, ಟಾರ್ಚ್ ಹಾಕಿ ಹುಡುಕಿ, 'ಬಾರೋ ರಾಜ' ಅಂತ ಕರೀತಾರೆ. ಒಂದು ದಿನ ಪ್ರೀತಿಯಿಂದಲೇ ಎರಡೂ ಕೈ ಹಾಕಿ ಹೊರಗೆಳೆದರು, ಮೊಣಕೈವರೆಗೂ ಪರಚಿಸಿಕೊಂಡರು. ಕಳೆದ 2 ವಾರದಲ್ಲಿ ಗುಂಡ ಎರಡು ಸಲ ಇವರ ದಿಂಬಿನ ಮೇಲೇ ಉಚ್ಚೆ ಹೊಯ್ದಿದ್ದಾನೆ. ಪಕ್ಕದಲ್ಲೇ ನನ್ನ ದಿಂಬಿತ್ತು, ಅದನ್ನು ಮುಟ್ಟಿಲ್ಲ. ಇವರು ದಿಂಬಿನ ಕವರ್ ತೆಗೆಯುತ್ತಾ 'ಅರ್ಥ ಆಯ್ತು ಬಿಡು, ಈ ಮನೆಗೆ ನಾನು ನೆಂಟ' ಅಂದರು. ನಕ್ಕ ಹಾಗೆ ಮಾಡಿದರು, ಆದರೆ ಮುಖ ಸಣ್ಣದಾಗಿತ್ತು.

ಗೊತ್ತಿದ್ದವರು ತಲೆಗೊಂದು ಮಾತು ಹೇಳ್ತಾರೆ. ಹೊಟ್ಟೆಕಿಚ್ಚು, ಸೇಡು ತೀರಿಸ್ಕೊಳ್ತಿದೆ ಅಂತ ಒಬ್ಬರು. ದಿನಾ ಹಿಡಿದು ತೊಡೆ ಮೇಲೆ ಕೂರಿಸಿಕೊಂಡರೆ ತಾನೇ ಒಗ್ಗಿಕೊಳ್ಳುತ್ತೆ ಅಂತ ಇನ್ನೊಬ್ಬರು. ಒಂದೆರಡು ದಿನ ಉಪವಾಸ ಹಾಕಿ ಇವರ ಕೈಯಿಂದಲೇ ತಿನ್ನಿಸಿ, ಇನ್ನೊಂದು ಬೆಕ್ಕು ತನ್ನಿ, ಯಾರಿಗಾದರೂ ಕೊಟ್ಟುಬಿಡಿ, ಹೀಗೆ. ಇವರು ಬಂದ ಮೇಲೆ ಜಾಗ ಸಾಲದೆ ಲಿಟರ್ ಬಾಕ್ಸನ್ನು, ಅಂದ್ರೆ ಗುಂಡ ಉಚ್ಚೆ ಕಕ್ಕಸು ಮಾಡೋ ಮರಳಿನ ಡಬ್ಬವನ್ನು, ವಾಷಿಂಗ್ ಮೆಷಿನ್ ಪಕ್ಕಕ್ಕೆ ಹಾಕಿದ್ದೇವೆ, ಅದು ಬಿಟ್ಟರೆ ಬೇರೇನೂ ಬದಲಾಗಿಲ್ಲ. ಈಗೀಗ ಇವರೆದುರು ಗುಂಡನ ತಲೆ ಸವರೋಕೂ ನನಗೆ ಸಂಕೋಚ. ಇಬ್ಬರಿಗೂ ಮೋಸ ಮಾಡ್ತಿದ್ದೀನಿ ಅನ್ಸುತ್ತೆ. ದಾರಿ ಹೇಳಿ."

ಉತ್ತರ: ಮೊದಲು ದಿಂಬಿನ ವಿಷಯ ಮಾತಾಡೋಣ, ಮಿಕ್ಕಿದ್ದೆಲ್ಲ ಆಮೇಲೆ. ನಿಮ್ಮ ಪತ್ರದಲ್ಲಿ ಕಾಯಲಾಗದ್ದು ಅಂದರೆ ಅದೊಂದೇ. ಬಾಕ್ಸ್ ಬಳಸಿ ಅಭ್ಯಾಸವಿದ್ದ ಗಂಡು ಬೆಕ್ಕು ಇದ್ದಕ್ಕಿದ್ದಂತೆ ಬೇರೆ ಕಡೆ ಉಚ್ಚೆ ಹೊಯ್ಯಲು ಶುರು ಮಾಡಿದರೆ ನಾನು ಮೊದಲು ನೋಡುವುದು ಅದರ ಮೂತ್ರಚೀಲವನ್ನು, ಸ್ವಭಾವವನ್ನಲ್ಲ. ಈ ವಾರದೊಳಗೆ ಪಶುವೈದ್ಯರಿಗೆ ತೋರಿಸಿ, ಮೂತ್ರ ಪರೀಕ್ಷೆ ಮಾಡಿಸಿ.

ಒಂದು ವಿಷಯದಲ್ಲಿ ಮಾತ್ರ ವಾರವಲ್ಲ, ಒಂದು ರಾತ್ರಿಯೂ ಕಾಯಬೇಡಿ. ಗುಂಡ ಪದೇಪದೇ ಬಾಕ್ಸಿಗೆ ಹೋಗಿ ತಿಣುಕುತ್ತಿದ್ದರೆ, ಹನಿ ಹನಿ ಮಾತ್ರ ಬರುತ್ತಿದ್ದರೆ ಅಥವಾ ಏನೂ ಬರದಿದ್ದರೆ, ಬಾಲದ ಕೆಳಗೆ ಬಿಡದೆ ನೆಕ್ಕಿಕೊಳ್ಳುತ್ತಿದ್ದರೆ, ನೋವಿನಿಂದ ಕೂಗಿದರೆ, ವಾಂತಿ ಮಾಡಿದರೆ, ಆಗಿಂದಾಗಲೇ ಹೊರಡಿ. ಗಂಡು ಬೆಕ್ಕಿನ ಮೂತ್ರನಾಳ ತುಂಬಾ ಕಿರಿದು. ಲೋಳೆ, ಸಣ್ಣ ಹರಳುಗಳು ಸೇರಿ ಬಿರಡೆ ಹಾಕಿದ ಹಾಗೆ ಅದು ಕಟ್ಟಿಕೊಳ್ಳಬಹುದು. ಪೂರ್ತಿ ಕಟ್ಟಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯಕ್ಕೆ ಪೆಟ್ಟು ಬೀಳುತ್ತದೆ, ಒಂದೆರಡು ದಿನದಲ್ಲಿ ಜೀವವೇ ಹೋಗಬಹುದು. 'ಮಲಬದ್ಧತೆ ಇರಬೇಕು ಅಂದುಕೊಂಡೆವು' ಎನ್ನುತ್ತಾ ಎರಡು ದಿನ ತಡವಾಗಿ ಬಂದವರನ್ನು ನಾನು ನೋಡಿದ್ದೇನೆ. ಆ ಮುಖಗಳು ಇನ್ನೂ ಕಣ್ಣ ಮುಂದಿವೆ. ಹೊಟ್ಟೆ ಒತ್ತಿ ನೋಡಲು ಹೋಗಬೇಡಿ. ಮನೆಯಲ್ಲಿರುವ ನೋವಿನ ಮಾತ್ರೆಯಂತೂ ಕೊಡಲೇಬೇಡಿ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಒಂದೇ ಮಾತ್ರೆ ಸಾಕು ಸಾಯಲು.

ಅಷ್ಟು ದೂರ ಹೋಗಿಲ್ಲ ಅಂತ ಇಟ್ಟುಕೊಳ್ಳೋಣ. ಗುಂಡನ ವಯಸ್ಸಿನ ಬೆಕ್ಕುಗಳಲ್ಲಿ ಬ್ಯಾಕ್ಟೀರಿಯಾದ ಸೋಂಕು ಕಡಿಮೆ. ನಾವು ಜಾಸ್ತಿ ನೋಡುವುದು ಬೇರೊಂದು ಸ್ಥಿತಿ, ಅದರಲ್ಲಿ ಸೋಂಕಿರುವುದಿಲ್ಲ, ಕಲ್ಲೂ ಇರುವುದಿಲ್ಲ, ಆದರೆ ಮೂತ್ರಚೀಲ ಒಳಗಿಂದ ಉರಿಯುತ್ತಿರುತ್ತದೆ. ಇದಕ್ಕೂ ಬೆಕ್ಕಿನ ಮನಸ್ಸಿನ ಒತ್ತಡಕ್ಕೂ ಹತ್ತಿರದ ನಂಟು. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಟೋನಿ ಬಫಿಂಗ್ಟನ್ ಎಂಬ ಪಶುವೈದ್ಯರು ಎಷ್ಟೋ ವರ್ಷ ಇದನ್ನೇ ಅಭ್ಯಾಸ ಮಾಡಿದರು. ಅಡಗಲು ಜಾಗ, ಹತ್ತಿ ಕೂರಲು ಎತ್ತರ, ಸರಿಯಾದ ಬಾಕ್ಸ್, ದಿನಕ್ಕಿಷ್ಟು ಆಟ, ಹೀಗೆ ಮನೆಯ ವಾತಾವರಣವನ್ನು ಬೆಕ್ಕಿಗೆ ಹಿತವಾಗುವಂತೆ ಬದಲಿಸಿದರೆ ಮೂತ್ರದ ತೊಂದರೆಯೂ ಇಳಿಯುತ್ತದೆ ಎಂದು ಅವರ ತಂಡ ತೋರಿಸಿತು. ಅಂದರೆ ನೀವು ಎರಡು ಅಂತ ಎಣಿಸಿರುವ ತೊಂದರೆಗಳು, ಮಂಚದಡಿಯ ಭಯ ಮತ್ತು ದಿಂಬಿನ ಮೇಲಿನ ಕಲೆ, ಒಂದೇ ಬೇರಿನವು ಇರಬಹುದು.

ಇನ್ನು ಸೇಡಿನ ಮಾತು. ದಿಂಬಿನ ಮೇಲೆ ಉಚ್ಚೆ ಹೊಯ್ದರೆ ಇವರಿಗೆ ಬೇಜಾರಾಗುತ್ತದೆ ಅಂತ ಲೆಕ್ಕ ಹಾಕಿ ಕೆಲಸ ಮಾಡುವಷ್ಟು ದೂರ ಬೆಕ್ಕಿನ ತಲೆ ಓಡುವುದಿಲ್ಲ. ಅದಕ್ಕೆ ಉಚ್ಚೆ ಹೇಸಿಗೆಯೂ ಅಲ್ಲ, ಅವಮಾನವೂ ಅಲ್ಲ, ಅದೆಲ್ಲ ನಮಗೆ. ಹಾಗಾದರೆ ಇವರ ದಿಂಬೇ ಯಾಕೆ? ಉಚ್ಚೆ ಹೊಯ್ಯುವಾಗ ಉರಿಯಾದರೆ ಬೆಕ್ಕು ಆ ನೋವನ್ನು ಬಾಕ್ಸಿಗೆ ಗಂಟು ಹಾಕುತ್ತದೆ. 'ಅಲ್ಲಿ ಹೋದರೆ ನೋಯುತ್ತದೆ' ಅಂದುಕೊಂಡು ಮೆತ್ತಗಿನ, ಬೇಗ ಹೀರಿಕೊಳ್ಳುವ ಜಾಗ ಹುಡುಕುತ್ತದೆ. ದಿಂಬು, ಹಾಸಿಗೆ, ಒಗೆಯಲು ಹಾಕಿದ ಬಟ್ಟೆ ರಾಶಿ, ಇವೇ ಅದಕ್ಕೆ ಸಿಗುವುದು. ಮೆತ್ತಗಿನ ದಿಂಬು ಎರಡಿದ್ದರೂ ಇವರದ್ದನ್ನೇ ಆರಿಸಿದ್ದಕ್ಕೆ ವಾಸನೆ ಕಾರಣ ಇರಬೇಕು ಅಂತ ನನ್ನ ಅಂದಾಜು. ಮನುಷ್ಯನ ವಾಸನೆ ದಟ್ಟವಾಗಿ ಕೂರುವುದು ತಲೆ ಇಡುವ ಜಾಗದಲ್ಲಿ. ಅಂಜಿದ ಬೆಕ್ಕಿಗೆ ಸುತ್ತ ತನ್ನದೇ ವಾಸನೆ ಇದ್ದರೆ ಧೈರ್ಯ. ಎಲ್ಲಿ ಹೊಸ ವಾಸನೆ ಹೆಚ್ಚೋ ಅಲ್ಲೇ ತನ್ನದನ್ನೂ ಬೆರೆಸಿದೆ. ಇದನ್ನು ನಿಮ್ಮವರಿಗೆ ಹೀಗೆಯೇ ಹೇಳಿ. ಗುಂಡ ಅವರನ್ನು ಹೊರಗೆ ಹಾಕಲು ನೋಡುತ್ತಿಲ್ಲ. ಅವರಿರುವ ಮನೆಯಲ್ಲಿ ತಾನೂ ಇರುವುದು ಹೇಗೆ ಅಂತ ತಡಕಾಡುತ್ತಿದ್ದಾನೆ.

ನಿಮ್ಮ ಪತ್ರದಲ್ಲಿ ಹೀಗೆ ಬಂದು ಹಾಗೆ ಹೋದ ಒಂದು ಸಾಲಿದೆ, ನಾನು ಅಲ್ಲಿ ನಿಂತುಬಿಟ್ಟೆ. ಬಾಕ್ಸ್ ವಾಷಿಂಗ್ ಮೆಷಿನ್ ಪಕ್ಕಕ್ಕೆ ಹೋಗಿದೆ, 'ಬೇರೇನೂ ಬದಲಾಗಿಲ್ಲ' ಅಂದಿದ್ದೀರಿ. ಅಂಜುಬುರುಕ ಬೆಕ್ಕಿಗೆ ಇದು ಸಣ್ಣ ಬದಲಾವಣೆ ಅಲ್ಲ. ಕೂತ ಹೊತ್ತಲ್ಲೇ ಮೆಷಿನ್ ಗಡಗಡ ಅಂತ ತಿರುಗಲು ಶುರುವಾದರೆ? ಒಂದೇ ಸಲ ಹಾಗಾಗಿದ್ದರೂ ಸಾಕು. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡು ಮತ್ತೆಂದೂ ಹಾಲು ಮೂಸದ ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಕೇಳಿದ್ದೀರಲ್ಲ, ಅದರಲ್ಲಿ ಬೆಕ್ಕಿನ ಸ್ವಭಾವ ಸರಿಯಾಗೇ ಬಂದಿದೆ. ಒಂದು ಕೆಟ್ಟ ಅನುಭವ ಬೆಕ್ಕಿನ ಮನಸ್ಸಿನಲ್ಲಿ ತಿಂಗಳುಗಟ್ಟಲೆ ಕೂರುತ್ತದೆ.

ಆದ್ದರಿಂದ ಬಾಕ್ಸ್ ಇವತ್ತೇ ಅಲ್ಲಿಂದ ತೆಗೆಯಿರಿ. ಒಂದು ಬೆಕ್ಕಿಗೆ ಎರಡು ಬಾಕ್ಸ್ ಇಡಿ, ಎರಡೂ ಬೇರೆ ಬೇರೆ ಕಡೆ ಇರಲಿ. ಒಂದಂತೂ ನಿಮ್ಮವರು ಮನೆಯಲ್ಲಿ ಎಲ್ಲಿದ್ದರೂ ಗುಂಡನಿಗೆ ಅವರನ್ನು ದಾಟದೆ ತಲುಪಲು ಆಗುವಂತಿರಬೇಕು. ಮೂಗಿನಿಂದ ಬಾಲದ ಬುಡದವರೆಗೆ ಬೆಕ್ಕು ಎಷ್ಟು ಉದ್ದವೋ ಬಾಕ್ಸ್ ಅದರ ಒಂದೂವರೆ ಪಟ್ಟು ಉದ್ದ ಇದ್ದರೆ ಒಳ್ಳೆಯದು. ಅಂಗಡಿಯಲ್ಲಿ ಸಿಗುವ ಎಷ್ಟೋ ಬಾಕ್ಸ್‌ಗಳು ಇಷ್ಟು ದೊಡ್ಡವಿರುವುದಿಲ್ಲ, ದೊಡ್ಡ ಪ್ಲಾಸ್ಟಿಕ್ ಟ್ರೇ ಇಟ್ಟರೂ ನಡೆಯುತ್ತದೆ. ದಿನಾ ಎತ್ತಿ ಸ್ವಚ್ಛ ಮಾಡಬೇಕು. ಕೊಳೆಯಾದ ದಿಂಬನ್ನು ಎನ್‌ಜೈಮ್ ಇರುವ ಕ್ಲೀನರ್‌ನಲ್ಲಿ ತೊಳೆಯಿರಿ. ಅಮೋನಿಯಾ ಇರುವ ದ್ರಾವಣ ಬೇಡ, ಬೆಕ್ಕಿನ ಮೂಗಿಗೆ ಅದೇ ಉಚ್ಚೆಯ ವಾಸನೆ ಹೊಡೆದು ಮತ್ತೆ ಅಲ್ಲಿಗೇ ಕರೆಯುತ್ತದೆ. ಆ ದಿಂಬನ್ನೇ ಬದಲಿಸಿಬಿಟ್ಟರೆ ಇನ್ನೂ ಒಳ್ಳೆಯದು, ನಿಮ್ಮವರ ಮನಸ್ಸಿಗೂ.

ಈಗ ನಿಜವಾದ ಪ್ರಶ್ನೆಗೆ ಬರೋಣ. ನಿಮ್ಮ ಮಡಿಲಲ್ಲಿ ಮಲಗುವ ಬೆಕ್ಕು ಇಷ್ಟು ಒಳ್ಳೆಯ ಮನುಷ್ಯನನ್ನು ಕಂಡು ಯಾಕೆ ಓಡುತ್ತದೆ?

ಬೆಕ್ಕಿನ ಮರಿ ಮನುಷ್ಯರನ್ನು ನಮ್ಮವರು ಅಂತ ಕಲಿಯುವ ಕಾಲ ತುಂಬಾ ಸಣ್ಣದು. ಹುಟ್ಟಿದ 2ನೇ ವಾರದಿಂದ 7ನೇ ವಾರದವರೆಗೆ, ಹೆಚ್ಚೆಂದರೆ 9ನೇ ವಾರ. ಆ ಹೊತ್ತಿನಲ್ಲಿ ಬೇರೆ ಬೇರೆ ಜನ, ಗಂಡಸರು, ಹೆಂಗಸರು, ಮಕ್ಕಳು, ಮೆಲ್ಲಗೆ ಎತ್ತಿ ಮುದ್ದಿಸಿದ್ದರೆ ಆ ಮರಿಗೆ ಮುಂದೆ ಯಾರು ಬಂದರೂ ಅಷ್ಟು ಭಯವಿಲ್ಲ. ಗುಂಡ ನಿಮಗೆ ಸಿಕ್ಕಾಗಲೇ 3 ತಿಂಗಳು, ಆ ಬಾಗಿಲು ಮುಚ್ಚಿಯಾಗಿತ್ತು. ರಕ್ತದ ಪಾತ್ರವೂ ಇದೆ. ಸಾಂಡ್ರಾ ಮ್ಯಾಕ್ಯೂನ್ ಎಂಬ ಸಂಶೋಧಕಿ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಧೈರ್ಯದ, ಸ್ನೇಹದ ಸ್ವಭಾವದ ಗಂಡು ಬೆಕ್ಕಿಗೆ ಹುಟ್ಟಿದ ಮರಿಗಳು ಜನರ ಹತ್ತಿರ ಬೇಗ ಹೋದವು. ಆ ಮರಿಗಳು ಅಪ್ಪನ ಜೊತೆ ಬೆಳೆದವಲ್ಲ, ಅಂದರೆ ನೋಡಿ ಕಲಿತದ್ದಲ್ಲ, ಹುಟ್ಟಿನಿಂದಲೇ ಬಂದದ್ದು. ಹಾಗಾಗಿ ನಾಚಿಕೆಯ ಬೆಕ್ಕನ್ನು ಯಾರೋ ಹೊಡೆದು ಬಡಿದು ಹಾಗೆ ಮಾಡಿರಬೇಕು ಅನ್ನುವ ನಂಬಿಕೆ ಎಷ್ಟೋ ಸಲ ತಪ್ಪು. ಯಾರೂ ಏನೂ ಮಾಡಿಲ್ಲ, ಅದಕ್ಕೆ ಆ ವಯಸ್ಸಿನಲ್ಲಿ ಜನರ ಒಡನಾಟ ಸಿಕ್ಕಿಲ್ಲ, ಅಷ್ಟೇ.

ಅಂಥ ಬೆಕ್ಕು 'ಮನುಷ್ಯರು' ಅಂತ ಒಟ್ಟಿಗೆ ಒಂದು ಜಾತಿಯನ್ನೇ ಒಪ್ಪಿಕೊಳ್ಳುವುದಿಲ್ಲ. ಒಬ್ಬರನ್ನು ಕಲಿಯುತ್ತದೆ. ಗುಂಡ 2 ತಿಂಗಳು ತೆಗೆದುಕೊಂಡು ನಿಮ್ಮನ್ನು ಕಲಿತ. ನಿಮ್ಮ ಹೆಜ್ಜೆ, ದನಿ, ವಾಸನೆ, ನೀವು ಯಾವಾಗ ಏಳುತ್ತೀರಿ, ಎಲ್ಲಿ ಕೂರುತ್ತೀರಿ, ಎಲ್ಲ. ನಿಮ್ಮವರದ್ದು ಅವನಿಗೆ ಪೂರ್ತಿ ಹೊಸ ಪಾಠ, ಅದೂ ಕಷ್ಟದ ಪಾಠ. ಭಾರದ ಹೆಜ್ಜೆ, ದಪ್ಪ ದನಿ, ಹೊರಗಿನ ವಾಸನೆ ಹೊತ್ತು ಬರುವ ಮೈ.

ಕೀಲಿಕೈ ವಿಷಯ ಮಾತ್ರ ಸ್ವಲ್ಪ ವಿವರಿಸುತ್ತೇನೆ, ಇದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ನಮ್ಮ ಕಿವಿಗೆ ಸುಮಾರು 20 ಸಾವಿರ ಹರ್ಟ್ಸ್‌ವರೆಗಿನ ಶಬ್ದ ಕೇಳುತ್ತದೆ, ವಯಸ್ಸಾದಂತೆ ಇನ್ನೂ ಕಡಿಮೆ. ಬೆಕ್ಕಿಗೆ 60 ಸಾವಿರ ದಾಟಿಯೂ ಕೇಳುತ್ತದೆ. ಕೀಲಿಕೈಗಳು ಒಂದಕ್ಕೊಂದು ತಾಗಿದಾಗ ನಮಗೆ ಝಣ್ ಅನ್ನುವ ಸದ್ದಿನ ಜೊತೆಗೆ ನಮ್ಮ ಕಿವಿಗೆ ನಿಲುಕದ ತೀಕ್ಷ್ಣ ಶಬ್ದವೂ ಹೊರಡುತ್ತದೆ. ನಿಮಗೆ ಅದು ಗಂಡ ಮನೆಗೆ ಬಂದ ಸಂತೋಷದ ಸದ್ದು. ಗುಂಡನಿಗೆ ಕಿವಿ ಚುಚ್ಚುವ ಸದ್ದು, ಅದಾದ ಮೇಲೆ ಏನು ನಡೆಯುತ್ತದೆ ಅಂತಲೂ ಅವನಿಗೆ ಗೊತ್ತು. ಬೆಳಕು ಬರುತ್ತದೆ, ದೊಡ್ಡ ಮುಖ ಬರುತ್ತದೆ, ಕೈ ಬರುತ್ತದೆ.

ಮಂಚದಡಿಯಿಂದ ಒಮ್ಮೆ ನೋಡಿ. ಬೆನ್ನ ಹಿಂದೆ ಗೋಡೆ. ಮುಂದೆ ಒಂದೇ ದಾರಿ, ಅದನ್ನು ಒಬ್ಬರು ಮೈ ಚಾಚಿ ಮಲಗಿ ಮುಚ್ಚಿದ್ದಾರೆ. ಕತ್ತಲೆಗೆ ಅಗಲವಾದ ಕಣ್ಣಿಗೆ ಟಾರ್ಚ್ ಬೆಳಕು ನೇರ ಬೀಳುತ್ತಿದೆ. ಬೆಳಕಿನ ಹಿಂದೆ ರೆಪ್ಪೆ ಮಿಟುಕಿಸದ ಎರಡು ಕಣ್ಣು. ಅವು ಪ್ರೀತಿಯ ಕಣ್ಣು ಅಂತ ನಿಮಗೆ ಗೊತ್ತು. ಬೆಕ್ಕಿನ ಲೋಕದಲ್ಲಿ ದಿಟ್ಟಿಸಿ ನೋಡುವುದು ಜಗಳಕ್ಕೆ ಕರೆ. ಬೆಕ್ಕು ಬೇಟೆಗಾರ ಅಂತ ನಮಗೆಲ್ಲ ಗೊತ್ತಿದೆ, ಆದರೆ ತನಗಿಂತ ದೊಡ್ಡ ಪ್ರಾಣಿಗಳಿಗೆ ಅದು ಬೇಟೆಯೂ ಹೌದು. ಅದಕ್ಕೇ ಅಡಗುವ ಬುದ್ಧಿ ಅದರ ಮೈಯಲ್ಲೇ ಇದೆ. ಅಡಗಲು ಬಿಟ್ಟರೆ ಬೆಕ್ಕು ಬೇಗ ಸುಧಾರಿಸಿಕೊಳ್ಳುತ್ತದೆ. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. ಆಶ್ರಯಧಾಮಕ್ಕೆ ಹೊಸದಾಗಿ ಬಂದ ಬೆಕ್ಕುಗಳಲ್ಲಿ, ಅಡಗಲು ಡಬ್ಬ ಸಿಕ್ಕವುಗಳ ಒತ್ತಡ ಡಬ್ಬ ಸಿಗದವುಗಳಿಗಿಂತ ಬೇಗ ಇಳಿಯಿತು. ಹಾಗಾಗಿ ಮಂಚದಡಿ ಮುಚ್ಚಬೇಡಿ. ಬದಲಿಗೆ ಹಾಲ್‌ನಲ್ಲೂ ಒಂದು ಅಡಗುತಾಣ ಮಾಡಿ. ಎರಡು ಕಡೆ ತೂತಿರುವ ರಟ್ಟಿನ ಡಬ್ಬ ಸಾಕು. ಒಂದೇ ತೂತಾದರೆ ಸಿಕ್ಕಿಬಿದ್ದಂತೆ. ಜೊತೆಗೆ ಎದೆಯೆತ್ತರದಲ್ಲಿ ಒಂದು ಕಪಾಟಿನ ತಲೆ ಖಾಲಿ ಮಾಡಿ ಬಟ್ಟೆ ಹಾಸಿ. ಎತ್ತರದಲ್ಲಿ ಕೂತು ಕೆಳಗೆ ನೋಡುವ ಬೆಕ್ಕಿಗೆ ಅರ್ಧ ಭಯ ಕಡಿಮೆ.

ನಿಮ್ಮವರು ಏನು ಮಾಡಬೇಕು ಅಂದರೆ, ಹತ್ತಿರ ಹೋಗುವುದನ್ನು ನಿಲ್ಲಿಸಬೇಕು. ಕೇಳಲು ಕಷ್ಟ, ಅದೂ ಇಷ್ಟು ಆಸೆ ಇಟ್ಟುಕೊಂಡವರಿಗೆ. ಆದರೆ ನನ್ನ ಇಷ್ಟು ವರ್ಷದ ಕೆಲಸದಲ್ಲಿ ಇದರಷ್ಟು ಕೈ ಹಿಡಿದ ಉಪಾಯ ಇನ್ನೊಂದಿಲ್ಲ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಡೆನಿಸ್ ಟರ್ನರ್ ಎಂಬ ವಿಜ್ಞಾನಿ ಬೆಕ್ಕು ಮತ್ತು ಮನುಷ್ಯರ ಒಡನಾಟವನ್ನು ಮನೆಗಳಲ್ಲೇ ಕೂತು ಗಮನಿಸಿದರು. ಬೆಕ್ಕು ತಾನಾಗಿ ಮೊದಲು ಬಂದು ಮಾತಾಡಿಸಿದ್ದು ಹೆಚ್ಚಿದ್ದ ಮನೆಗಳಲ್ಲಿ ಅವರಿಬ್ಬರೂ ಒಟ್ಟಿಗೆ ಕಳೆದ ಹೊತ್ತು ಜಾಸ್ತಿ ಇತ್ತು. ಮನುಷ್ಯರೇ ಬೆನ್ನು ಹತ್ತಿದ ಕಡೆ ಕಡಿಮೆ. ಬೆಕ್ಕು ಅಂದರೆ ಮಾರುದೂರ ಓಡುವ ನೆಂಟರ ಮಡಿಲಿಗೇ ಬೆಕ್ಕು ಹೋಗಿ ಕೂರುವುದನ್ನು ನೀವೂ ನೋಡಿರುತ್ತೀರಿ. ಅವರು ದಿಟ್ಟಿಸಲಿಲ್ಲ, ಕರೆಯಲಿಲ್ಲ, ಕೈ ಚಾಚಲಿಲ್ಲ, ಅದಕ್ಕೇ.

ಸಂಜೆ ಅವರು ಬಂದಾಗಿನಿಂದ ಶುರು ಮಾಡೋಣ. ಕೀಲಿಕೈಗೆ ಬಟ್ಟೆಯ ಚೀಲ ಹಾಕಿ, ಅಥವಾ ಬೀಗದ ಕೈ ಒಂದನ್ನೇ ಗೊಂಚಲಿನಿಂದ ಬಿಡಿಸಿ. ಒಳಗೆ ಬಂದವರು ಗುಂಡನನ್ನು ಹುಡುಕಬಾರದು, ಮಂಚದ ಕಡೆ ನೋಡಲೂ ಬಾರದು. ನಿಮ್ಮ ಜೊತೆ ಮಾಮೂಲಿ ದನಿಯಲ್ಲಿ ಮಾತಾಡಲಿ. ಆಮೇಲೆ ಅರ್ಧ ಗಂಟೆ ಆ ಕೋಣೆಯ ಬಾಗಿಲಿನಿಂದ ದೂರ, ಗೋಡೆಗೆ ಒರಗಿ, ಮಂಚಕ್ಕೆ ಪಕ್ಕ ಮಾಡಿ ನೆಲದ ಮೇಲೆ ಕೂರಲಿ. ಕೈಯಲ್ಲಿ ಪುಸ್ತಕ ಇರಲಿ, ಫೋನ್ ಆದರೂ ಪರವಾಗಿಲ್ಲ. ಗಟ್ಟಿಯಾಗಿ ಓದಿದರೆ ಇನ್ನೂ ಒಳ್ಳೆಯದು. ಬೆಕ್ಕುಗಳು ತಮ್ಮ ಮನೆಯವರ ದನಿಯನ್ನು ಬೇರೆಯವರ ದನಿಯಿಂದ ಗುರುತಿಸುತ್ತವೆ ಅಂತ ಜಪಾನಿನ ಸಂಶೋಧಕಿ ಅತ್ಸುಕೊ ಸೈತೊ 2013ರಲ್ಲಿ ತೋರಿಸಿದರು. ಕರೆದರೆ ಎದ್ದು ಬರಲಿಲ್ಲ, ಆದರೆ ಕಿವಿ, ತಲೆ ಆ ದನಿಯ ಕಡೆ ತಿರುಗಿದವು. ಗುಂಡನಿಗೂ ಆ ದನಿ ಸುಮ್ನೆ ಕಿವಿಗೆ ಬೀಳುತ್ತಿರಲಿ. ಅದು ಅವನಿಂದ ಏನನ್ನೂ ಕೇಳುತ್ತಿಲ್ಲ ಅಂತ ಗೊತ್ತಾಗಲಿ.

ಹೊರಗೆ ಬಂದು ನೋಡಿದ ಅಂತಿಟ್ಟುಕೊಳ್ಳಿ. ಆಗ ನಿಮ್ಮವರು ಅವನ ಕಡೆ ಒಮ್ಮೆ ನೋಡಿ, ನಿದ್ದೆ ಬಂದವರ ಹಾಗೆ ಕಣ್ಣನ್ನು ಮೆಲ್ಲಗೆ ಕಿರಿದು ಮಾಡಿ, ಮುಚ್ಚಿ, ಮೆಲ್ಲಗೆ ತೆರೆದು, ಮುಖ ಬೇರೆ ಕಡೆ ತಿರುಗಿಸಬೇಕು. ಇದು ಅಜ್ಜಿ ಕಥೆ ಅಲ್ಲ. ಬ್ರಿಟನ್ನಿನ ಸಸೆಕ್ಸ್ ಮತ್ತು ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದವರು 2020ರಲ್ಲಿ ಇದನ್ನು ಪರೀಕ್ಷಿಸಿದರು. ಮೆಲ್ಲಗೆ ಕಣ್ಣು ಮಿಟುಕಿಸಿದವರಿಗೆ ಬೆಕ್ಕುಗಳೂ ಹಾಗೇ ಕಣ್ಣು ಕಿರಿದು ಮಾಡಿದವು. ಗುರುತೇ ಇಲ್ಲದ ವ್ಯಕ್ತಿ ಹೀಗೆ ಮಾಡಿ ಕೈ ಚಾಚಿದಾಗಲೂ, ಮುಖದಲ್ಲಿ ಯಾವ ಭಾವವೂ ಇಲ್ಲದೆ ಚಾಚಿದ್ದಕ್ಕಿಂತ ಹೆಚ್ಚು ಸಲ ಹತ್ತಿರ ಬಂದವು.

ತಿನ್ನಿಸುವ ಕೆಲಸ ಮೆಲ್ಲಗೆ ನಿಮ್ಮವರ ಕೈಗೆ ಬರಲಿ, ಆದರೆ ಕೈಯಿಂದ ತಿನ್ನಿಸುವುದಲ್ಲ. ತಟ್ಟೆ ಇಟ್ಟು ಅವರು ಎದ್ದು ಹೋಗಬೇಕು. ಗುಂಡ ನಿರಾಳವಾಗಿ ತಿನ್ನುವ ದೂರ ಎಷ್ಟು ಅಂತ ಮೊದಲು ನೋಡಿ. ಅವರು ಪಕ್ಕದ ಕೋಣೆಯಲ್ಲಿದ್ದಾಗ ತಿನ್ನುತ್ತಾನಾ, ಬಾಗಿಲಲ್ಲಿ ಕೂತಾಗ ತಿನ್ನುತ್ತಾನಾ? ಅಲ್ಲಿಂದ ಕೆಲವು ದಿನಕ್ಕೊಮ್ಮೆ ಒಂದು ಗೇಣು ಹತ್ತಿರ. ತಿನ್ನುವುದು ನಿಲ್ಲಿಸಿ ತಲೆ ಎತ್ತಿ ನೋಡಿದರೆ ನೀವು ಅವಸರ ಮಾಡಿದ್ದೀರಿ ಅಂತ ಅರ್ಥ, ಹಿಂದಿನ ದೂರಕ್ಕೆ ಹೋಗಿ. ಅವರು ಒಂದು ದಿನ ಹಾಕಿದ ಬನಿಯನ್ನು ಗುಂಡ ಮಲಗುವ ಜಾಗದ ಹತ್ತಿರ, ಮೇಲಲ್ಲ, ಸ್ವಲ್ಪ ಪಕ್ಕದಲ್ಲಿ ಇಡಿ. ಒಂದು ದಿನ ಅದರ ಮೇಲೆ ಕೆನ್ನೆ ಉಜ್ಜಿದ್ದು ಕಂಡರೆ ನಿಮ್ಮವರನ್ನು ಕರೆದು ತೋರಿಸಿ. ಆಟಕ್ಕೆ ಉದ್ದ ಕೋಲಿನ ತುದಿಗೆ ದಾರ, ಗರಿ ಕಟ್ಟಿದ್ದೇ ಸರಿ, ಒಂದು ಮಾರು ದೂರದಿಂದಲೇ ಆಡಿಸಬಹುದು. ಆಟವಾದ ಮೇಲೆ ದಾರ ಎತ್ತಿಡಿ, ನುಂಗಿದರೆ ಕರುಳಿಗೆ ಅಪಾಯ.

ತಾನಾಗಿ ಹತ್ತಿರ ಬಂದ ದಿನ ಎಲ್ಲರೂ ಎಡವುವುದು ಇಲ್ಲೇ. ಸಂತೋಷ ತಡೆಯಲಾಗದೆ ಎತ್ತಿಕೊಂಡುಬಿಡುತ್ತಾರೆ, ಒಂದು ತಿಂಗಳ ಕೆಲಸ ಒಂದು ಗಳಿಗೆಯಲ್ಲಿ ಹೋಗುತ್ತದೆ. ಒಂದು ಬೆರಳನ್ನು ಅವನ ಮೂಗಿನ ಎತ್ತರಕ್ಕೆ ಸುಮ್ನೆ ಚಾಚಬೇಕು, ಅಷ್ಟೇ. ಮೂಸಿ ಕೆನ್ನೆ ಉಜ್ಜಿದರೆ ಕೆನ್ನೆ, ಗದ್ದ, ಕಿವಿಯ ಬುಡದಲ್ಲಿ 3 ಸೆಕೆಂಡ್ ಸವರಿ ಕೈ ತೆಗೆಯಬೇಕು. ಇನ್ನೂ ಬೇಕಿದ್ದರೆ ಅವನೇ ತಲೆ ಒತ್ತುತ್ತಾನೆ. ಮೂಸಿ ಹಾಗೇ ಹೋದರೆ ಹೋಗಲಿ ಬಿಡಿ. ಹೊಟ್ಟೆ, ಬಾಲದ ಬುಡ ಮುಟ್ಟುವುದು ಬೇಡ, ಅಂಗಾತ ಬಿದ್ದರೂ ಬೇಡ. ಅಂಗಾತ ಬಿದ್ದದ್ದು ನಂಬಿಕೆಗೆ ಗುರುತು, ಹೊಟ್ಟೆ ಸವರಲು ಕರೆ ಅಲ್ಲ. ಬಾಲ ಪಟಪಟ ಬಡಿದರೆ, ಕಿವಿ ಹಿಂದಕ್ಕೆ ಹೋದರೆ, ಬೆನ್ನಿನ ಚರ್ಮ ಅಲೆಯಂತೆ ಅದುರಿದರೆ ಕೈ ಹಿಂದಕ್ಕೆ.

ಪರಚಿದ ಗಾಯದ ಬಗ್ಗೆ ಒಂದು ಮಾತು, ನೀವು ಕೇಳಿಲ್ಲದಿದ್ದರೂ. ಬೆಕ್ಕು ಪರಚಿದರೆ, ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಡಾಕ್ಟರಿಗೆ ತೋರಿಸಬೇಕು. ನಮ್ಮ ಮನೆಯ ಬೆಕ್ಕೇ ಅಲ್ವಾ ಅಂತ ಬಿಡಬಾರದು. ಇವರು ತೋರಿಸಿಲ್ಲದಿದ್ದರೆ ಈಗಲಾದರೂ ಒಮ್ಮೆ ಹೋಗಿ ಬರಲಿ, ಗುಂಡನ ಲಸಿಕೆಗಳು ಆಗಿವೆಯಾ ಅಂತಲೂ ನೋಡಿಕೊಳ್ಳಿ.

ಗೊತ್ತಿದ್ದವರು ಕೊಟ್ಟ ಸಲಹೆಗಳಿಗೆ ಬರೋಣ. ದಿನಾ ಹಿಡಿದು ಕೂರಿಸಿಕೊಳ್ಳುವುದು ಎಲ್ಲಕ್ಕಿಂತ ಕೆಟ್ಟದ್ದು. ಹಿಡಿದಾಗ ಬೆಕ್ಕು ಕೊನೆಗೆ ಒದ್ದಾಡುವುದು ನಿಲ್ಲಿಸುತ್ತದೆ, ಒಗ್ಗಿಕೊಂಡಿತು ಅಂತ ನಮಗೆ ಅನ್ನಿಸುತ್ತದೆ. ಕಣ್ಣು ನೋಡಿ, ಪಾಪೆ ಅಗಲವಾಗಿ ಕಣ್ಣೆಲ್ಲ ಕಪ್ಪಾಗಿರುತ್ತದೆ, ಮೈ ಕಲ್ಲಾಗಿರುತ್ತದೆ. ಅದು ಹೆದರಿಕೆಯಿಂದ ಸೆಟೆದು ಕೂತದ್ದು.

ಉಪವಾಸ ಹಾಕುವುದು ಅಪಾಯ. ಬೆಕ್ಕು ಎರಡು ಮೂರು ದಿನ ತಿನ್ನದಿದ್ದರೆ ಮೈಯ ಕೊಬ್ಬೆಲ್ಲ ಯಕೃತ್ತಿಗೆ ನುಗ್ಗಿ ಯಕೃತ್ತೇ ಕೆಡಬಹುದು, ದಪ್ಪಗಿರುವ ಬೆಕ್ಕಿಗೆ ಇನ್ನೂ ಬೇಗ. ಪಾಠ ಕಲಿಸಲು ಹೋಗಿ ಜೀವಕ್ಕೆ ತಂದುಕೊಳ್ಳಬೇಡಿ.

ಇನ್ನೊಂದು ಬೆಕ್ಕು ಈಗ ಬೇಡ. ಧೈರ್ಯದ ಬೆಕ್ಕನ್ನು ನೋಡಿ ಅಂಜುಬುರುಕ ಬೆಕ್ಕು ಕಲಿತದ್ದನ್ನು ನಾನು ನೋಡಿಲ್ಲ ಅಂತಲ್ಲ. ಆದರೆ ಒತ್ತಡಕ್ಕೆ ಮೂತ್ರಚೀಲ ಕೆಡಿಸಿಕೊಳ್ಳುವ ಬೆಕ್ಕಿರುವ ಮನೆಗೆ ಇನ್ನೊಂದು ಬೆಕ್ಕು ಬಂದರೆ ಜಾಗಕ್ಕಾಗಿ ಜಗಳ ಶುರುವಾಗಿ ಇದ್ದದ್ದೂ ಕೆಡುವ ಸಂಭವವೇ ಜಾಸ್ತಿ.

ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಫೆರೊಮೋನ್ ಯಂತ್ರಗಳು ಸಿಗುತ್ತವೆ, ಬೆಕ್ಕಿನ ಕೆನ್ನೆಯ ವಾಸನೆಯನ್ನು ಹೋಲುವ ವಸ್ತು ಅದರಲ್ಲಿರುತ್ತದೆ. ಕೆಲವು ಬೆಕ್ಕುಗಳಿಗೆ ಅನುಕೂಲ ಆಗಿದೆ, ಕೆಲವಕ್ಕೆ ಏನೂ ಆಗಿಲ್ಲ. ತೊಂದರೆಯಂತೂ ಇಲ್ಲ, ಬೇಕಾದರೆ ನೋಡಿ. ಸುಗಂಧದ ಎಣ್ಣೆ ಉರಿಸಿ ಬೆಕ್ಕನ್ನು ಶಾಂತ ಮಾಡುತ್ತೇವೆ ಅನ್ನುವವರ ಮಾತು ಕೇಳಬೇಡಿ, ಟೀ ಟ್ರೀ ಎಣ್ಣೆಯಂಥವು ಬೆಕ್ಕಿಗೆ ವಿಷ.

ಔಷಧದ ವಿಷಯ ಜನ ಕೇಳಲು ಹಿಂಜರಿಯುತ್ತಾರೆ, ಅದಕ್ಕೆ ನಾನೇ ಹೇಳುತ್ತೇನೆ. ಎರಡು ಮೂರು ತಿಂಗಳು ಇದೆಲ್ಲ ಮಾಡಿಯೂ ಗುಂಡ ದಿನದ ಹೆಚ್ಚು ಹೊತ್ತು ಅಡಗೇ ಇದ್ದರೆ, ಅಥವಾ ಮೂತ್ರದ ತೊಂದರೆ ಮರುಕಳಿಸುತ್ತಿದ್ದರೆ, ಆತಂಕ ಇಳಿಸುವ ಔಷಧ ಕೇಳಿ ನೋಡಿ. ಫ್ಲೂಆಕ್ಸೆಟಿನ್‌ನಂಥದ್ದು ಕೆಲಸ ಮಾಡಲು ಕೆಲವು ವಾರ ಬೇಕು, ಮೊದಮೊದಲು ಹಸಿವು ಕಡಿಮೆಯಾಗಬಹುದು, ಮಂಕಾಗಬಹುದು. ನೀವೇ ಶುರು ಮಾಡುವಂತಿಲ್ಲ, ನೀವೇ ನಿಲ್ಲಿಸುವಂತೆಯೂ ಇಲ್ಲ. ಆಸ್ಪತ್ರೆಗೆ ಹೋಗುವ ದಿನಕ್ಕೆ ಮಾತ್ರ ಗ್ಯಾಬಾಪೆಂಟಿನ್ ಎಂಬ ಔಷಧವನ್ನು ಮೊದಲೇ ಕೊಟ್ಟರೆ ಭಯ ಕಡಿಮೆ ಇರುತ್ತದೆ, ಕೆಲವು ಗಂಟೆ ನಿದ್ದೆಗಣ್ಣಲ್ಲಿ ಓಲಾಡುತ್ತದೆ ಅಷ್ಟೇ. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕೇಳಿ. ಹಿಡಿದು ಕ್ಯಾರಿಯರ್‌ಗೆ ತುಂಬುವ ಕೆಲಸ ಮಾತ್ರ ನೀವೇ ಮಾಡಿ, ಇವರಿಂದ ಮಾಡಿಸಬೇಡಿ. ಆ ನೆನಪು ಇವರ ತಲೆಗೆ ಕಟ್ಟಿಕೊಳ್ಳುವುದು ಬೇಡ.

ಯಾರಿಗಾದರೂ ಕೊಟ್ಟುಬಿಡುವ ಮಾತು. ಒಬ್ಬರನ್ನು ನಂಬಲು 2 ತಿಂಗಳು ತೆಗೆದುಕೊಂಡ ಬೆಕ್ಕಿಗೆ ಇರುವ ಒಬ್ಬರನ್ನೂ ಕಿತ್ತುಕೊಂಡ ಹಾಗಾಗುತ್ತದೆ. ನಿಮ್ಮ ಮನೆಯಲ್ಲಿ ಅಂಥ ಪರಿಸ್ಥಿತಿ ನನಗೆ ಕಾಣುತ್ತಿಲ್ಲ.

ಇನ್ನು ನೀವು. ಇವರೆದುರು ಗುಂಡನನ್ನು ಸವರಲು ಸಂಕೋಚ ಅಂದಿರಿ. ಇದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಬೆಕ್ಕು ಓಡಿದಾಗಲೆಲ್ಲ ಹೆಂಡತಿ ಗಂಡನ ಮುಖ ನೋಡುತ್ತಾಳೆ, 'ಬೇಜಾರು ಮಾಡ್ಕೋಬೇಡಿ' ಅನ್ನುತ್ತಾಳೆ, ಆಮೇಲೆ ಬೆಕ್ಕಿನ ಹಿಂದೆ ಓಡಿ ಅದನ್ನೂ ಸಮಾಧಾನ ಮಾಡುತ್ತಾಳೆ. ಅಲ್ಲಿಗೆ ಸುಮ್ಮನೆ ಆಗಿಹೋಗುವ ಒಂದು ಓಟ ಮೂವರ ಮನಸ್ಸಿನಲ್ಲೂ ದೊಡ್ಡ ಘಟನೆ ಆಗಿಬಿಡುತ್ತದೆ. ಗುಂಡ ಓಡಿದರೆ ಓಡಲಿ, ನೀವು ಮಾಡುತ್ತಿದ್ದ ಮಾತು ಮುಂದುವರಿಸಿ. ಇವರು ಕೋಣೆಯಲ್ಲಿರುವಾಗಲೇ ಅವನನ್ನು ಎಂದಿನಂತೆ ಮುದ್ದಿಸಿ. ಆ ಮನುಷ್ಯ ಇದ್ದಾಗಲೂ ನನ್ನವಳು ನನ್ನವಳೇ ಅಂತ ಅವನಿಗೆ ಗೊತ್ತಾಗಬೇಕಾದದ್ದು ಹಾಗೆಯೇ. ಇಲ್ಲದಿದ್ದರೆ ಅವನು ಕಲಿಯುವುದು ತಿರುಗುಮುರುಗು. ಕೀಲಿಕೈ ಸದ್ದಾಯಿತು, ಇನ್ನು ನನಗೆ ಮಡಿಲಿಲ್ಲ.

'ನಾನು ನೆಂಟ' ಅಂದ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬೆಕ್ಕಿನ ವಿಷಯಕ್ಕೆ ಇಷ್ಟಾ ಅಂತ ಯಾರಾದರೂ ಹೇಳಬಹುದು. ಆದರೆ ಮೊದಲೇ ಇಬ್ಬರಿದ್ದ ಮನೆಗೆ ಮೂರನೆಯವರಾಗಿ ಬಂದವರಿಗೆ ಪ್ರತಿ ಸಂಜೆ ಬಾಗಿಲಲ್ಲೇ ಒಬ್ಬರು ಓಡಿಹೋಗುವುದು ನಿಜವಾಗಿ ನೋಯಿಸುತ್ತದೆ. ಒಂದು ದಂಪತಿ ನನ್ನ ಹತ್ತಿರ ಬರುತ್ತಿದ್ದರು, ನಿಮ್ಮದೇ ಕಥೆ. ಅವರಿಗೆ ನಾನು ಹೇಳಿದ್ದು, ಬಾಕ್ಸ್ ಸ್ವಚ್ಛ ಮಾಡುವುದು, ನೀರು ಬದಲಿಸುವುದು, ತಟ್ಟೆ ಇಡುವುದು, ಇವಿಷ್ಟೂ ಗಂಡನ ಕೆಲಸ ಆಗಲಿ ಅಂತ. ಎದುರುಬದುರಾಗದೆ ಮಾಡಬಹುದಾದ ಆರೈಕೆ ಇದು. ಆತ ಒಂದು ನೋಟ್‌ಬುಕ್ ಇಟ್ಟರು, ದಿನಕ್ಕೊಂದು ಸಾಲು. 'ಇವತ್ತು ಬಾಗಿಲಲ್ಲಿ ಮೂತಿ ಕಾಣಿಸಿತು.' 'ನಾನು ಕೆಮ್ಮಿದೆ, ಓಡಲಿಲ್ಲ.' 'ಬಾಲ ಮೇಲೆತ್ತಿಕೊಂಡು ಹಾಲ್ ದಾಟಿತು.' ಮೂರನೇ ತಿಂಗಳು ನನಗೆ ಅದನ್ನು ತಂದು ತೋರಿಸಿದಾಗ ಅವರ ಬೆರಳು ಆ ಬಾಲದ ಸಾಲಿನ ಮೇಲೆ ನಿಂತಿತ್ತು. ಬಾಲ ನೆಟ್ಟಗೆ ಮೇಲೆತ್ತಿ ಬರುವುದು ಬೆಕ್ಕುಗಳಲ್ಲಿ ಸ್ನೇಹದ ಗುರುತು, ಅದು ಅವರಿಗೆ ಗೊತ್ತಿತ್ತು. ಆ ಬೆಕ್ಕು ಅವರ ತೊಡೆ ಹತ್ತಿದ್ದು ಒಂದು ವರ್ಷದ ಮೇಲೆ, ಅದೂ ಅಪರೂಪಕ್ಕೆ.

ಗುಂಡನೂ ಹತ್ತುತ್ತಾನೆ ಅಂತ ನಾನು ಮಾತು ಕೊಡುವುದಿಲ್ಲ. ಕೆಲವು ಬೆಕ್ಕುಗಳು ಎರಡನೆಯವರ ಮಡಿಲಿಗೆ ಎಂದೂ ಬರುವುದಿಲ್ಲ. ಆದರೆ ಅದೇ ಕೋಣೆಯಲ್ಲಿ ಮುಂಗಾಲು ಎದೆಯಡಿ ಮಡಚಿ, ಬೆನ್ನು ಇವರ ಕಡೆ ತಿರುಗಿಸಿ ಕೂರುವ ಮಟ್ಟಕ್ಕೆ ಹೆಚ್ಚಿನವು ಬರುತ್ತವೆ. ಬೆನ್ನು ತಿರುಗಿಸಿ ಕೂತರೆ ಮುನಿಸು ಅಂತ ಇವರು ತಿಳಿಯಬಾರದು. ಭಯವಿರುವ ಕಡೆ ಬೆಕ್ಕು ಬೆನ್ನು ಕೊಡುವುದಿಲ್ಲ.

ಮೂತ್ರ ಪರೀಕ್ಷೆಯ ವರದಿ ಬಂದ ಮೇಲೆ ಇನ್ನೊಮ್ಮೆ ಬರೆಯಿರಿ, ಅದರಲ್ಲಿ ಹರಳು, ರಕ್ತ ಏನಾದರೂ ಇದ್ದರೆ ಆಹಾರದಲ್ಲೂ ಬದಲಾವಣೆ ಬೇಕಾಗಬಹುದು. ಅಲ್ಲಿಯವರೆಗೆ ಎರಡು ಮೂರು ಕಡೆ ಅಗಲ ಬಾಯಿಯ ಬಟ್ಟಲಲ್ಲಿ ನೀರಿಡಿ, ತಟ್ಟೆಯಿಂದ ದೂರದಲ್ಲಿ. ಬಾಕ್ಸಿಗೆ ದಿನಕ್ಕೆ ಎಷ್ಟು ಸಲ ಹೋಗುತ್ತಾನೆ, ಮರಳಿನ ಉಂಡೆ ಎಷ್ಟು ದೊಡ್ಡದು ಅಂತ ಬರೆದಿಡಿ. ಮತ್ತೆ ಆ ಟಾರ್ಚನ್ನು ಇವತ್ತೇ ಡ್ರಾಯರ್‌ನಲ್ಲಿ ಹಾಕಿಬಿಡಲು ಇವರಿಗೆ ಹೇಳಿ.